ರಾಣಿ ಜೇನಿನ ದಾರಿಬುತ್ತಿ

ಜೇನಮ್ಮನ ಮುತ್ತಾತ ರಾಣಿ ಹುಳುಗಳನ್ನು ಬಿದಿರಿನ ಕೊಳವೆಯಲ್ಲಿಟ್ಟು, ಎದೆಗೆ ಕಟ್ಟಿಕೊಂಡು ಬೆಟ್ಟ ದಾಟಿದವನು. ತಾತ ಕುದುರೆಯ ಮೇಲೆ ಒಯ್ದ, ಅಪ್ಪ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದ. ಹೊರಟರೆ ಮೂವರೂ ನಡುವೆ ಎಲ್ಲೂ ನಿಂತವರಲ್ಲ. ಆ ಮನೆತನದ ಹೆಮ್ಮೆಯೇ ಅದು. ಹಾಗಾಗಿ ಅವರ ದಾರಿಬುತ್ತಿಯ ಲೆಕ್ಕ ಸುಲಭ. ದಾರಿ ಎಷ್ಟು ಹೊತ್ತಿನದೋ ಅಷ್ಟು ಸಕ್ಕರೆ ಹಿಟ್ಟು. ಕಡಿಮೆಯಾದರೆ ರಾಣಿ ಹಸಿದು ಸಾಯುತ್ತಾಳೆ, ಹೆಚ್ಚಾದರೆ ಹಿಟ್ಟು ಕರಗಿ ರೆಕ್ಕೆಗೆ ಮೆತ್ತಿಕೊಳ್ಳುತ್ತದೆ.

ಕಡಲಾಚೆ ಇರುವ ಜೇನಮ್ಮನ ತಂಗಿಯೂ ಜೇನು ಸಾಕುವವಳೇ. ರೋಗ ಬಡಿದು ಅವಳ ಗೂಡುಗಳಲ್ಲಿ ಈ ಸಲ ರಾಣಿಗಳೇ ಉಳಿಯಲಿಲ್ಲ. ಯಜಮಾನಿ ಇಲ್ಲದ ಮನೆ ಎಷ್ಟು ದಿನ ನಿಂತೀತು? ಜೇನಮ್ಮ ತನ್ನ ಗೂಡುಗಳಿಂದ ಒಳ್ಳೆಯ ರಾಣಿಗಳನ್ನು ಆರಿಸಿ, ಉಣಿಸಲು ನಾಲ್ಕಾರು ದಾಸಿ ಹುಳುಗಳನ್ನು ಜೊತೆ ಮಾಡಿ, ಪುಟ್ಟ ಮರದ ಡಬ್ಬಿಗಳಲ್ಲಿ ಕೂಡಿಸಿದಳು. ಬುತ್ತಿ ಇಡುವ ಮುಂಚೆ ಅಣ್ಣನ ಮಗನನ್ನು ಕೇಳಿದಳು. ಅವನು ಫೋನ್ ಒತ್ತಿ, "ವಿಮಾನಕ್ಕೆ ಒಂಬತ್ತು ಗಂಟೆ ದಾರಿ ಅತ್ತೆ" ಅಂದ. ಒಂಬತ್ತು ಗಂಟೆಗೆಂದೇ ತುಂಬಿದಳು.

ವಿಮಾನ ನಿಲ್ದಾಣದ ಸರಕು ಕೌಂಟರಿನಲ್ಲಿ ಗುಮಾಸ್ತೆ ಡಬ್ಬಿಗಳ ಪೆಟ್ಟಿಗೆಯನ್ನು ತೂಕಕ್ಕಿಟ್ಟು, "ನಾಳಿದ್ದು ಬೆಳಿಗ್ಗೆ ಸೇರುತ್ತೆ. ನಡುವೆ ಎರಡು ಕಡೆ ವಿಮಾನ ಬದಲಾಗಬೇಕಲ್ಲ" ಅಂದಳು.

ಜೇನಮ್ಮ ಜೊತೆಗೆ ಬಂದಿದ್ದ ಸೋದರಳಿಯನ ಕಡೆ ತಿರುಗಿದಳು. "ಒಂಬತ್ತು ಗಂಟೆ ಅಂದ್ಯಲ್ಲೋ?"

"ಆ ನಿಲ್ದಾಣಕ್ಕೂ ಈ ನಿಲ್ದಾಣಕ್ಕೂ ಇರೋ ದೂರಕ್ಕೆ ಅಷ್ಟೇ ಅತ್ತೆ, ನೇರ ಹಾರಿದ್ರೆ."

"ನೇರ ಹಾರೋ ವಿಮಾನ ಯಾವುದು?"

"ಅಂಥದ್ದು ಇಲ್ಲ."

"ಇಲ್ಲದ ವಿಮಾನಕ್ಕೆ ಹೊತ್ತು ಹೇಳಿದ್ಯಾ? ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ಯಲ್ಲೋ ಮಹರಾಯ."

"ನಡುವೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೀವೂ ಕೇಳಲಿಲ್ಲ."

ಆ ಮಾತು ಮುಳ್ಳಿನಂತೆ ನಾಟಿತು. ನಿಲ್ಲುವುದನ್ನು ಕೇಳುವ ವಾಡಿಕೆಯೇ ಆ ಮನೆಯಲ್ಲಿರಲಿಲ್ಲ. ಸಿಟ್ಟು ಅಳಿಯನ ಮೇಲೋ ಮುತ್ತಾತನ ಮೇಲೋ ಅವಳಿಗೇ ತಿಳಿಯದು.

ಗುಮಾಸ್ತೆಗೆ ಕನಿಕರ ಬಂತು. "ನಡುವೆ ಇಳಿಸಿದಾಗ ನಮ್ಮವರಿಗೆ ಹೇಳಿ ಒಂಚೂರು ಸಕ್ಕರೆ ನೀರು ಹಾಕಿಸ್ಲಾ ಅಮ್ಮ?"

"ಹಾಕಿಸಿದ್ರೆ ಮುಳುಗೇ ಹೋಗ್ತಾವೆ ತಾಯಿ. ಪೆಟ್ಟಿಗೆ ವಾಪಸ್ ಕೊಡು, ನಾಳೆ ತರ್ತೀನಿ."

ಅಲ್ಲೇ ಬೆಂಚಿನ ಮೇಲೆ ಕುಳಿತು ತಂಗಿಗೆ ಫೋನ್ ಮಾಡಿದಳು. "ಇನ್ನೊಂದು ದಿನ ತಡ್ಕೊಳ್ಳೇ. ಇವತ್ತು ಕಳಿಸಿದ್ರೆ ನಿನಗೆ ಹೆಣ ಬಂದು ಸೇರ್ತಿತ್ತು." ಆ ಕಡೆಯಿಂದ ತಂಗಿ ಬೈದದ್ದು ಅಳಿಯನಿಗೂ ಕೇಳಿಸಿತು. ಪಾಪ, ಅವನು ತಲೆ ತಗ್ಗಿಸಿ ಪೆಟ್ಟಿಗೆಗೆ ಕೈ ಹಾಕಿದ.

"ಕೊಡಿ ಅತ್ತೆ. ಗಾಡೀಲಿ ಮನೆಗೆ ಬಿಡ್ತೀನಿ. ನಿಲ್ಲೋ ಹೊತ್ತೆಲ್ಲ ಸೇರಿಸಿ ಲೆಕ್ಕ ಹಾಕ್ತೀನಿ, ಹಿಟ್ಟೂ ನಾನೇ ಕಲಸಿಕೊಡ್ತೀನಿ."

ಜೇನಮ್ಮ ಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡಪ್ಪ, ನೀನು ಮಾಡಿದ ಉಪಕಾರಾನೇ ಹೊರೋಕಾಗ್ತಿಲ್ಲ. ಹೊತ್ತು ಆ ಕೌಂಟರ್ ಹುಡುಗೀನೇ ಕೇಳ್ಕೋತೀನಿ, ಹಿಟ್ಟು ನಾನೇ ಕಲಸ್ಕೋತೀನಿ. ಮನೆಗೆ ಬಸ್ಸಿದೆ. ನೀನು ಹೋಗು."