ಹೇಳಿದ ದಿನವೇ ಬಟ್ಟೆ ಕೊಡುತ್ತಿದ್ದ ಟೈಲರ್

ಆ ಟೈಲರನನ್ನು ನಾನು ಮೊದಲು ನೋಡಿದ್ದು ಒಂದು ಬುಧವಾರ. ಬೇರೆ ದೇಶದಿಂದ ಬಂದವನು, ಔಷಧಿ ಅಂಗಡಿಯ ಪಕ್ಕದ ಮಳಿಗೆಯಲ್ಲಿ ಎರಡು ಮೆಷಿನ್ ಹಾಕಿದ್ದ. ಕಾಜಾ ತೆಗೆಯಲು, ಗುಂಡಿ ಹಚ್ಚಲು ಜನ ಬೇಕಂತೆ ಎಂದು ಔಷಧಿ ಅಂಗಡಿಯವನು ಹೇಳಿದ. ನಮ್ಮ ಯಜಮಾನರು ಹೋದ ಮೇಲೆ ನಾನು ಮಾಡಿಕೊಂಡು ಬಂದದ್ದು ಅದೇ ಕೆಲಸ. ಹೋಗಿ ಕೇಳಿದೆ. "ನಾಳೆ ನಾಲ್ಕೂಕಾಲಿಗೆ ಬನ್ನಿ" ಎಂದ. ಮಾರನೆಯ ದಿನ ಐದೂವರೆಗೆ, ನಮ್ಮ ಬೀದಿಯ ಲೆಕ್ಕದಲ್ಲಿ ಸರಿಯಾದ ಹೊತ್ತಿಗೇ ಹೋದೆ. ಅವನು ಬಾಗಿಲಲ್ಲಿ ಬೆವರುತ್ತ ನಿಂತಿದ್ದ.

"ಏನಾಯ್ತಮ್ಮ, ದಾರೀಲಿ ಬಿದ್ರಾ?"

"ಇಲ್ವಲ್ಲ."

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲ ಚೆನ್ನಾಗಿದ್ದಾರಪ್ಪ. ನಿನಗೇ ಏನೋ ಆದ ಹಾಗಿದೆ, ಕೂತ್ಕೋ."

ಅಂದೇ ಕೆಲಸಕ್ಕೆ ಸೇರಿದೆ. ಮನುಷ್ಯ ಬಡಕಲು. ಕೈ ತೊಳೆಯದೆ ಬಟ್ಟೆ ಮುಟ್ಟುತ್ತಿರಲಿಲ್ಲ. ಅವನ ಹೊಲಿಗೆ ಒಳಗಡೆಯೂ ಹೊರಗಡೆಯಷ್ಟೇ ಚೆಂದ. ಯಾರು ಬಟ್ಟೆ ತಂದರೂ "ಮಂಗಳವಾರ ನಾಲ್ಕೂಕಾಲು" ಎಂದೋ "ಗುರುವಾರ ನಾಲ್ಕೂಕಾಲು" ಎಂದೋ ಹೇಳುತ್ತಿದ್ದ. ಬೀದಿಯವರು ಅವನನ್ನು ನಾಲ್ಕೂಕಾಲು ಎಂದೇ ಕರೆದರು.

ತೊಂದರೆ ಏನೆಂದರೆ, ಹೇಳಿದ ದಿನವೇ ಕೊಟ್ಟುಬಿಡುತ್ತಿದ್ದ.

ನಮ್ಮ ಕಡೆ ಟೈಲರ್ ಗುರುವಾರ ಎಂದರೆ ಮುಂದಿನ ಸೋಮವಾರ. ಅದು ಎಲ್ಲರಿಗೂ ಗೊತ್ತು. ಗುರುವಾರ ಒಮ್ಮೆ ಹೋಗಿ ಕೇಳಬೇಕು, ಅವನು ಗುಂಡಿ ಸಿಕ್ಕಿಲ್ಲ ಎನ್ನಬೇಕು. ಶನಿವಾರ ಹೋಗಿ ಕೂತು, ಮನೆಯ ಕಷ್ಟಸುಖ ಹೇಳಿಕೊಳ್ಳಬೇಕು. ಸೋಮವಾರ ಜಗಳ ಆಡಿ ಬಟ್ಟೆ ಕಿತ್ತುಕೊಂಡು ಬರಬೇಕು. ಇವನ ಹತ್ತಿರ ಅದಕ್ಕೆಲ್ಲ ಅವಕಾಶವೇ ಇರಲಿಲ್ಲ. ಪೋಸ್ಟಾಫೀಸಿನ ಅಮ್ಮ ಮೊದಲ ಸಲ ಕೇಳಿದ್ದಕ್ಕೇ ಕೋಟು ಕೈಗೆ ಬಂದಾಗ ಅದನ್ನು ಒಳಗು ಹೊರಗು ಮಾಡಿ, ತೋಳು ಎಳೆದು, ಮೂಸಿಯೂ ನೋಡಿದಳು.

"ಇಷ್ಟು ಬೇಗ ಆಯ್ತಾ? ಇವನ ಹತ್ರ ಬೇರೆ ಯಾರೂ ಹೊಲಿಸಲ್ಲ ಅಂತ ಕಾಣುತ್ತೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆ ಮಾತು ಬೀದಿ ತುಂಬಿತು. ಮೂರು ತಿಂಗಳಿಗೆ ಅವನೂ ನಾನೂ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತೆವು.

ಒಂದು ದಿನ ಅವನು ಸಂಗತಿ ಹೇಳಿದ. ಮೆಷಿನ್ ಎರಡೂ ಅವನ ಸೋದರಮಾವ ಕೊಡಿಸಿದ್ದು. ಆರು ತಿಂಗಳಿಗೆ ಮಾವ ಬಂದು ನೋಡುತ್ತಾನೆ. ಅಂಗಡಿ ನಡೆಯುತ್ತಿದ್ದರೆ ಸರಿ, ಇಲ್ಲವಾದರೆ ಅವನು ವಾಪಸ್ಸು ಹೋಗಿ ಮಾವನ ಕಾರ್ಖಾನೆಯಲ್ಲಿ ಜೇಬು ಹೊಲಿಯಬೇಕು.

"ಬರೀ ಜೇಬಾ?"

"ಬರೀ ಎಡಗಡೆ ಜೇಬು, ಅಮ್ಮ."

ಕೈಯಲ್ಲಿದ್ದ ಸೂಜಿ ಕೆಳಗಿಟ್ಟೆ. "ನೋಡಪ್ಪ, ಇನ್ನು ಮೇಲೆ ಹೇಳಿದ ದಿನ ಕೊಡಬೇಡ. ಗುಂಡಿ ತರೋಕೆ ಕಳಿಸಿದ್ದೀನಿ ಅನ್ನು."

"ಯಾರನ್ನ ಕಳಿಸಿದ್ದೀನಿ?"

"ಯಾರನ್ನೂ ಇಲ್ಲ."

"ಹಾಗಾದ್ರೆ ಅವರು ವಾಪಸ್ ಬರೋದು ಎಷ್ಟು ಗಂಟೆಗೆ?"

ಒಂದು ವಾರ ಹೇಳಿಕೊಟ್ಟೆ. ಸಬೂಬು ಕಲಿತ, ಆದರೆ ತಡ ಮಾಡುವುದಕ್ಕೆ ಅವನ ಕೈ ಬಗ್ಗಲಿಲ್ಲ. ಹೇಳಿದ ದಿನಕ್ಕೆ ಮುಗಿಸಿ, ಇಸ್ತ್ರಿ ಹಾಕಿ, ದಿನಾಂಕದ ಚೀಟಿ ಚುಚ್ಚಿ ಬೀರುವಿನಲ್ಲಿ ಬಚ್ಚಿಡುತ್ತಿದ್ದ. ಮೇಜಿನ ಮೇಲೆ ಕಚ್ಚಾ ಹೊಲಿಗೆ ಹಾಕಿದ ಬೂದು ಬಣ್ಣದ ಒಂದು ತೋಳು ಸದಾ ಇರುತ್ತಿತ್ತು. ಯಾರು ಬಂದರೂ ಅದನ್ನೇ ಎತ್ತಿ, "ನಿಮ್ಮದೇ ಮಾಡ್ತಾ ಇದ್ದೀನಿ" ಎನ್ನುತ್ತಿದ್ದ.

"ನಾನು ಕೊಟ್ಟಿದ್ದು ಪ್ಯಾಂಟು ಕಣಯ್ಯ" ಎಂದ ಕ್ಷೌರದವನು.

"ಹೌದು, ಇನ್ನೂ ತುಂಬ ಕೆಲಸ ಬಾಕಿ ಇದೆ."

ಕ್ಷೌರದವನಿಗೆ ಆ ಉತ್ತರ ಬಹಳ ಹಿಡಿಸಿತು. ಅಲ್ಲಿಂದ ವ್ಯಾಪಾರ ಕುದುರಿತು. ಬೆಂಚು ಸಾಲದೆ ನಾನು ಮನೆಯಿಂದ ಸ್ಟೂಲು ತಂದೆ.

ಆರು ತಿಂಗಳು ತುಂಬಿದ ದಿನ, ಹತ್ತು ಗಂಟೆ ಹೊಡೆಯುವಾಗ ಮಾವ ಒಳಗೆ ಕಾಲಿಟ್ಟ. ನಮ್ಮ ಮಾತು ವ್ಯಾಪಾರಕ್ಕೆ ಬೇಕಾದಷ್ಟು ಅವನಿಗೂ ಬರುತ್ತಿತ್ತು. ಆಗ ಪೋಸ್ಟಾಫೀಸಿನ ಅಮ್ಮ ಎರಡನೆಯ ಕೋಟಿಗಾಗಿ ಎರಡನೆಯ ಸಲ ಬಂದು, "ನಿನ್ನ ಮಾತು ನಂಬಿದ ನನಗೆ ಬುದ್ಧಿ ಇಲ್ಲ" ಎಂದು ಖುಷಿಯಾಗಿ ಬೈಯುತ್ತಿದ್ದಳು. ಖುಷಿ ಮಾವನಿಗೆ ಕಾಣಲಿಲ್ಲ, ಬೈಗುಳ ಮಾತ್ರ ಕೇಳಿಸಿತು.

"ಅಂಗಡಿ ಮುಚ್ಚು. ಸಾಮಾನು ಕಟ್ಟು" ಎಂದು ಬೀರು ತೆಗೆದ. ಒಳಗೆ ಹತ್ತೊಂಬತ್ತು ಬಟ್ಟೆ, ಎಲ್ಲವೂ ಮುಗಿದದ್ದು.

"ಮುಗಿಸಿ ಇಟ್ಕೊಂಡು ಇಲ್ಲ ಅಂತೀಯಾ? ಇದು ಕಳ್ಳತನ." ಕೋಟು ತೆಗೆದು ಅಮ್ಮನ ಕೈಗೆ ಹಾಕಿದ. ಗಲಾಟೆ ಕೇಳಿ ಇಣುಕಿದ ಕ್ಷೌರದವನನ್ನು ಯಾವುದು ನಿನ್ನದು ಎಂದು ಕೇಳಿ ಅವನದೂ ಕೊಟ್ಟ.

"ನನಗೆ ಹೇಳಿರೋದೇ ನಾಳೆ. ಇವತ್ತೇ ಕೊಡ್ತಿದ್ದೀರಲ್ಲ, ಅಂಗಡಿ ಎತ್ತುತ್ತಿದ್ದೀರಾ?" ಎಂದ ಅವನು.

ಎತ್ತುತ್ತಾರಂತೆ ಎಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿತು. ಕಾಲು ಗಂಟೆಯಲ್ಲಿ ಅಂಗಡಿ ತುಂಬ ಜನ. ಪೋಸ್ಟಾಫೀಸಿನ ಅಮ್ಮ ಕೋಟನ್ನು ಮಡಿಸಿ ಬೀರುವಿನಲ್ಲಿ ತಾನೇ ಇಟ್ಟಳು.

"ನನ್ನ ಬಟ್ಟೆ ಒಳಗಿರೋ ತನಕ ಅದು ಹೇಗೆ ಮುಚ್ತೀರಿ ನೋಡ್ತೀನಿ" ಎಂದಳು. ಕ್ಷೌರದವನೂ ತನ್ನ ಪ್ಯಾಂಟು ಒಳಗೆ ತೂರಿಸಿದ. ಔಷಧಿ ಅಂಗಡಿಯವನದು ಏನೂ ಒಳಗಿರಲಿಲ್ಲ. ಮೈಮೇಲಿದ್ದ ಬಿಳಿ ಅಂಗಿಯನ್ನೇ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲೇ ಗಿರಾಕಿ ನೋಡಲು ಹೋದ.

ಮಾವ ಸ್ಟೂಲಿನ ಮೇಲೆ ಕುಸಿದ. "ಇವರಿಗೆ ಬಟ್ಟೆ ಬೇಡವೇನಮ್ಮ?" ಎಂದು ನನ್ನನ್ನು ಕೇಳಿದ.

"ಬೇಕು. ಆದ್ರೆ ಸೋಮವಾರ ಬೇಕು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಆದರೆ ಬೀರು ಬಾಗಿಲು ಹಾಕಲಾಗದಷ್ಟು ತುಂಬಿದ್ದು ಕಾಣುತ್ತಿತ್ತು. ಎದ್ದು ಆ ಬಾಗಿಲನ್ನು ಒಮ್ಮೆ ತಳ್ಳಿ ನೋಡಿ, "ಮೆಷಿನ್ ಇಲ್ಲೇ ಇರಲಿ" ಎಂದ. ಆಮೇಲೆ ತನ್ನ ಕೋಟು ಬಿಚ್ಚಿ, ಸೊಂಟದ ಹತ್ತಿರ ಸಡಿಲ ಮಾಡಿಕೊಡು, ಶನಿವಾರ ಹತ್ತಕ್ಕೆ ಬರುತ್ತೇನೆ, ಇಲ್ಲಿಂದ ಸೀದಾ ರೈಲಿಗೆ ಎಂದ.

ಶುಕ್ರವಾರ ಸಂಜೆ ಆ ಕೋಟಿಗೆ ನಾನು ಕೊನೆಯ ಗುಂಡಿ ಹಚ್ಚಿದೆ. ವಯಸ್ಸಿಗೆ ಕಣ್ಣು ಮಂಜಾಗಿ ಈಚೆಗೆ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಗಿತ್ತು. ಅದೇ ನನ್ನ ಕೊನೆಯ ಕೆಲಸ ಎಂದು ಅವನಿಗೆ ಮೊದಲೇ ಹೇಳಿದ್ದೆ. ಚಪ್ಪಲಿ ಮೆಟ್ಟುವಾಗ ಅವನು ಕೋಟು ಹಿಡಿದುಕೊಂಡು ಬಾಗಿಲ ತನಕ ಬಂದ.

"ಅಮ್ಮ, ಮಾವನ ಜೊತೆ ಇನ್ನೂ ಸರಿಯಾಗಿ ಮಾತೇ ಆಡಿಲ್ಲ. ನಾಳೆ ಹತ್ತಕ್ಕೇ ಕೊಟ್ಟುಬಿಡ್ಲಾ, ಇಲ್ಲ ಗುಂಡಿ ತರೋಕೆ ಕಳಿಸಿದ್ದೀನಿ ಅನ್ಲಾ?"