ಗೋಣಿತಟ್ಟಿನ ಮೇಲೆ ಕುಳಿತ ಮೋತ್ಯಾ

ನಾನು ಚಿಕ್ಕವನಿದ್ದಾಗ ನಮ್ಮ ಗಿಲ್ಲೆಸುಗೂರಿನಲ್ಲಿ ನನ್ನ ಜೊತೆ ವಾದಕ್ಕೆ ನಿಲ್ಲುವವರು ಕಡಿಮೆ. ಶಾಲೆಯ ಚರ್ಚಾಸ್ಪರ್ಧೆಯಲ್ಲಿ ನನಗೊಂದು ಸ್ಟೀಲಿನ ಲೋಟ ಬಹುಮಾನ ಬಂದಿತ್ತು. ಅಂದಿನಿಂದ ಮನೆಯಲ್ಲಿ ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವುದೇ ನನ್ನ ಚಟ. ಅಮಾವಾಸ್ಯೆಗೆ ಊರು ಬಿಡಬಾರದು ಎಂದರೂ ಆಧಾರ, ಶೇಂಗಾ ತಿಂದು ನೀರು ಕುಡಿಯಬಾರದು ಎಂದರೂ ಆಧಾರ. "ಇವನ ಮುಂದ ಬಾಯಿ ತೆಗೀಬೇಕಂದ್ರ ವಕೀಲರನ್ನ ಕರಕೊಂಡು ಬರಬೇಕು" ಎಂದು ಅವ್ವ ರೊಟ್ಟಿ ಬಡಿಯುತ್ತ ಗೊಣಗುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಆ ವರ್ಷ ಅಕ್ಕ ಮದುವೆಯಾಗಿ ದೇವದುರ್ಗಕ್ಕೆ ಹೋಗಿದ್ದಳು. ಮೊದಲ ಪಂಚಮಿಗೆ ಅಪ್ಪ ಹೋಗಿ ಕರೆತಂದ. ಐದು ದಿನ ಇದ್ದು, ಹಬ್ಬದೂಟಕ್ಕೆ ಬರುವ ತನ್ನ ಅತ್ತೆಯ ಜೊತೆ ಅದೇ ಸಂಜೆ ಆಕೆ ಹಿಂದಿರುಗಬೇಕಿತ್ತು. ಆ ಅತ್ತೆಗೆ ನಾಯಿ ಎಂದರೆ ಪ್ರಾಣಭಯ. ಎಂದೋ ಕಚ್ಚಿಸಿಕೊಂಡ ಗುರುತು ಕಾಲಿನ ಮೇಲೆ ಇನ್ನೂ ಇತ್ತಂತೆ. ನಮ್ಮಲ್ಲೋ ಮೋತ್ಯಾ ಇದ್ದ. ಕಪ್ಪು ಮೈ, ಬಿಳಿ ಎದೆ. ಹೊಸಬರನ್ನು ಕಂಡರೆ ಓಣಿಯೇ ನಡುಗುವಂತೆ ಬೊಗಳುತ್ತಿದ್ದ. ಕಣ್ಣು ಬಿಡದ ಮರಿಯಾಗಿದ್ದಾಗ ಅವನನ್ನು ಹತ್ತಿ ಹೊಲದಿಂದ ಲಂಗದ ಮಡಿಲಲ್ಲಿ ಹೊತ್ತು ತಂದವಳು ಅಕ್ಕ.

"ಹಬ್ಬದ ದಿನ ಅದನ್ನ ಹೊಲದ ಗುಡಿಸಲಿನಾಗ ಕಟ್ಟಿ ಬರೋಣು" ಎಂದ ಅಪ್ಪ. ನಾನು ಸುಮ್ಮನಿರಲಿಲ್ಲ.

"ದೂರ ಕಟ್ಟಿದ್ರ ಶಾಣ್ಯಾ ಆಗತದೇನು? ಬೀಗರು ಮುಂದಿನ ವರ್ಷನೂ ಬರ್ತಾರ. ಕಲಿಸಬೇಕು."

"ಕಲಿಸಪ್ಪ. ಆದ್ರ ಅವ್ರು ಒಂದು ಸಲ ಚೀರಿದ್ರೂ ಮುಂದಿನ ಪಂಚಮಿಗೆ ನಿಮ್ಮಕ್ಕನ್ನ ಕಳಸೂದಿಲ್ಲ. ಅದಕ್ಕ ನೀನ ಜವಾಬ್ದಾರ."

ಪಡಸಾಲೆಯ ಕಂಬದ ಬುಡದಲ್ಲಿ ಹಳೆಯ ಗೋಣಿತಟ್ಟು ಹಾಸಿದೆ. ಎತ್ತಿಗೆ ಕಟ್ಟುವ ಹಗ್ಗದ ಕಣ್ಣಿಯಿಂದ ಮೋತ್ಯಾನನ್ನು ಕಂಬಕ್ಕೆ ಕಟ್ಟಿದೆ. ಓಣಿಯವರಿಗೆಲ್ಲ ಬೀಗರ ಹಾಗೆ ಬಾಗಿಲಲ್ಲಿ ಬಂದು ನಿಲ್ಲಲು ಹೇಳಿದೆ. ತಟ್ಟಿನ ಮೇಲೆ ಸುಮ್ಮನೆ ಕುಳಿತರೆ ಮೋತ್ಯಾನಿಗೆ ಒಂದು ಚೂರು ಶೇಂಗಾದುಂಡಿ, ಎದ್ದರೆ ಇಲ್ಲ. ಅಕ್ಕ ಮೋತ್ಯಾನ ಹತ್ತಿರವೇ ಕುಳಿತು ಹಬ್ಬಕ್ಕೆ ಉಂಡಿ ಕಟ್ಟುತ್ತಿದ್ದಳು. ಮನೆಯೆಲ್ಲ ಬೆಲ್ಲದ ಪಾಕದ, ಹುರಿದ ಎಳ್ಳಿನ ವಾಸನೆ. ಮೊದಲ ದಿನ ಗುರುಗುಟ್ಟಿದ ಮೋತ್ಯಾ ಮೂರನೆಯ ದಿನಕ್ಕೆ ಬಾಲವನ್ನಷ್ಟೇ ಆಡಿಸುತ್ತಿದ್ದ. ಬಳೆ ಮಾರಲು ಬಂದ ಚಾಚಾ ಬಾಗಿಲಲ್ಲೇ ಬೆರಗಾಗಿ, "ಇದು ಅದ ಮೋತ್ಯಾ ಏನ್ರೀ? ಇಲ್ಲ, ಯಾರದರ ತಂದು ಕಟ್ಟೀರಿ?" ಎಂದು ಕೇಳಿದರು.

ಹಬ್ಬದ ದಿನ ಬೀಗರು ಬಂದರು. ಅಕ್ಕ ತಟ್ಟಿನ ಅಂಚಿಗೆ ಕುಳಿತು ಮೋತ್ಯಾನ ಬೆನ್ನಿನ ಮೇಲೆ ಕೈಯಿಟ್ಟಳು. ಅವ್ವ ಕಾಲಿಗೆ ನೀರು ಕೊಟ್ಟು, ಬೆಲ್ಲ ಕೊಟ್ಟಳು. ಅತ್ತೆ ಸೆರಗು ಬಿಗಿಹಿಡಿದು ಗೋಡೆಗೆ ಒತ್ತಿಕೊಂಡೇ ಒಳಗೆ ನಡೆದರು. ಮೋತ್ಯಾನ ಮೂಗು ಅಲುಗಿತು, ಅಷ್ಟೇ. ಊಟವಾದ ಮೇಲೆ ಅವರೇ ದೂರದಿಂದ ಅರ್ಧ ಉಂಡಿ ಎಸೆದು, "ಇದು ನಾಯಿ ಅಲ್ಲ ಬಿಡ್ರೀ, ಮಠದ ಸ್ವಾಮಿ ಇದ್ದಂಗ ಅದ" ಎಂದರು. ಎಲ್ಲರೂ ನಕ್ಕರು. ಅಪ್ಪ ನನ್ನ ಕಡೆ ನೋಡಿ, "ಗೆದ್ದಿ ಬಿಡಪ್ಪ" ಎಂದ. ಸ್ಟೀಲಿನ ಲೋಟ ಬಂದಾಗಲೂ ನಾನು ಅಷ್ಟು ಉಬ್ಬಿರಲಿಲ್ಲ.

ಸಂಜೆ ಅಕ್ಕನಿಗೆ ಉಡಿ ತುಂಬಿದರು. ಹೊರಡುವ ಮುಂಚೆ ಅವಳು ಮೋತ್ಯಾನ ಕಿವಿಯ ಹಿಂದೆ ಕೆರೆಯುತ್ತ ನನಗೆ ಹೇಳಿದಳು: "ಬಸ್ಸು ದೂರ ಹೋಗೋತನಕ ಕಣ್ಣಿ ಬಿಚ್ಚಬ್ಯಾಡ. ಕೇಳಿದೇನು?"

"ಯಾಕ? ಆಧಾರ ಏನು?"

"ನನಗ ಗೊತ್ತದ. ಅಷ್ಟ ಆಧಾರ" ಎಂದು ನಕ್ಕು ಹೋದಳು.

ಎಲ್ಲರೂ ಬಸ್ಸಿನ ತನಕ ಕಳಿಸಲು ಹೋದರು. ನಾನು ಮೋತ್ಯಾನ ಎದುರು ಕುಳಿತು ಲೆಕ್ಕ ಹಾಕಿದೆ. ಐದು ದಿನ, ಅಷ್ಟೊಂದು ಜನ, ಕೊನೆಗೆ ಸ್ವತಃ ಬೀಗರು. ಇನ್ನು ಕಣ್ಣಿ ಯಾಕೆ ಬೇಕು? ಹಗ್ಗವಿಲ್ಲದೆ ನನ್ನ ಹಿಂದೆ ಮೋತ್ಯಾ ಸುಮ್ಮನೆ ನಡೆದು ಬಂದರೆ, ಬಸ್ಸಿನ ಹತ್ತಿರ ಎಲ್ಲರ ಮುಂದೆ ನನ್ನ ವಾದ ಪೂರ್ತಿ ಗೆದ್ದಂತೆ. ಬಿಚ್ಚಿದೆ.

ನನ್ನ ಕೈಯಲ್ಲಿದ್ದ ಉಂಡಿಯನ್ನು ಅವನು ನೋಡಲೇ ಇಲ್ಲ. ಅಕ್ಕ ಕುಳಿತಿದ್ದ ಅಂಚನ್ನು ಒಮ್ಮೆ ಮೂಸಿದ. ಮರುಕ್ಷಣ ಬಾಗಿಲಾಚೆ ಇದ್ದ.

ನಾನು ರಸ್ತೆ ಮುಟ್ಟುವಷ್ಟರಲ್ಲಿ ರಾಯಚೂರಿನ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಹೊರಟಿತ್ತು. ಗಾಲಿಯ ಪಕ್ಕದಲ್ಲೇ ಮೋತ್ಯಾ ಓಡುತ್ತಿದ್ದ. ಕಿಟಕಿಯಿಂದ ಅಕ್ಕನ ಕೈ ಹೊರಬಂದು, ಹಿಂದಕ್ಕೆ ಹೋಗು ಎಂದು ಬೀಸುತ್ತಿತ್ತು. ಕರೆಯುತ್ತಿದ್ದಾಳೆ ಎಂದುಕೊಂಡು ಅವನು ಇನ್ನೂ ಜೋರಾಗಿ ಓಡಿದ. ಹಬ್ಬದ ಗದ್ದಲದ ಬಸ್ಸು ನಿಲ್ಲಲಿಲ್ಲ. ಎದೆ ಒಡೆಯುವಂತೆ ನಾನೂ ಓಡಿದೆ. ಧೂಳಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು, ಆಮೇಲೆ ಅದೂ ಇಲ್ಲ.

ಅಲ್ಲಿ ನಿಂತಾಗ ನನಗೆ ಹೊಳೆಯಿತು. ಐದು ದಿನದಲ್ಲಿ ಅಕ್ಕ ಹತ್ತಿರ ಇಲ್ಲದೆ ಒಂದು ಸಲವೂ ನಾನು ಪರೀಕ್ಷೆ ಮಾಡಿರಲಿಲ್ಲ. ಅವನನ್ನು ಸುಮ್ಮನಿರಿಸಿದ್ದು ತಟ್ಟು ಅಲ್ಲ, ಉಂಡಿ ಅಲ್ಲ, ನಾನಂತೂ ಅಲ್ಲ.

ಅಪ್ಪ ಎರಡು ದಿನ ಸೈಕಲ್ ತುಳಿದು ರಾಯಚೂರಿನ ಬಸ್‌ಸ್ಟ್ಯಾಂಡಿನ ತನಕ ಕೇಳಿಕೊಂಡು ಬಂದ. ಮೋತ್ಯಾ ಸಿಗಲಿಲ್ಲ. ಸೈಕಲ್ ಗೋಡೆಗೆ ಒರಗಿಸಿ, ನೀರು ಕುಡಿದು, ಕಂಬದಲ್ಲಿ ಉಳಿದಿದ್ದ ಕಣ್ಣಿ ಬಿಚ್ಚಿ ಸುತ್ತಿಟ್ಟ. ಬೈದಿದ್ದರೆ ಏನಾದರೂ ಉತ್ತರ ಕೊಡಬಹುದಿತ್ತು.

ಮುಂದಿನ ಪಂಚಮಿಗೆ ಅಕ್ಕನನ್ನು ಕಳಿಸಿದರು. ಅವಳಿಗೆ ಹೇಳಬೇಕೆಂದು ವರ್ಷವಿಡೀ ನಾನು ಮಾತುಗಳನ್ನು ಜೋಡಿಸಿಟ್ಟಿದ್ದೆ. ಅವಳು ಬಂದವಳೇ ಅದೇ ತಟ್ಟಿನ ಮೇಲೆ ಕುಳಿತು ಉಂಡಿ ಕಟ್ಟತೊಡಗಿದಳು. ನಡುವೆ ಒಂದು ಚೂರು ಮುರಿದು, ನೋಡದೆಯೇ ಪಕ್ಕಕ್ಕೆ ಚಾಚಿದಳು. ಕೈ ಹಾಗೆಯೇ ನಿಂತಿತು.

ಈಗ ರಾಯಚೂರಿನ ನಮ್ಮ ಮನೆಗೆ ಕಬ್ಬಿಣದ ಗೇಟಿದೆ. ಮೊಮ್ಮಕ್ಕಳೇ, ನಿಮ್ಮ ನಾಯಿಗೆ ಕೊರಳಪಟ್ಟಿ, ಅದಕ್ಕೊಂದು ಹಗ್ಗ, ಮೆತ್ತನೆಯ ಹಾಸಿಗೆ, ತಿಂಗಳಿಗೊಮ್ಮೆ ನೋಡುವ ಡಾಕ್ಟರು. ಮೊನ್ನೆ ಹಬ್ಬಕ್ಕೆ ನಾಯಿಗೆ ಹೆದರುವ ನಿಮ್ಮ ದೊಡ್ಡಮ್ಮ ಮಾನ್ವಿಯಿಂದ ಬರುವ ಮುಂಚೆ ನೀವು ಫೋನಿನಲ್ಲಿ ನೋಡಿ, ಬಿಸ್ಕೆಟ್ ಕೊಟ್ಟು ಅದಕ್ಕೆ ಸುಮ್ಮನೆ ಕೂರುವುದನ್ನು ಚೆನ್ನಾಗಿಯೇ ಕಲಿಸಿದ್ದಿರಿ. ನನಗಿಂತ ಜಾಣರು ನೀವು. ದೊಡ್ಡಮ್ಮನ ಕಾರು ತಿರುವು ದಾಟಿದ ಮೇಲೂ ನಾನು ನಾಯಿಯ ಹಗ್ಗ ಹಿಡಿದು ಕುಳಿತಿದ್ದಕ್ಕೆ, "ತಾತಾ, ಅವ್ರು ಹೋಗಿ ಆಯ್ತಲ್ಲ, ಇನ್ನ ಬಿಡು. ಯಾಕ ಹಿಡಕೊಂಡಿ?" ಎಂದು ಕೇಳಿದಿರಿ.

ಆಧಾರ ಇದೇ, ಮಕ್ಕಳೇ. ಮೊನ್ನೆ ನಿಮಗೆ "ಇನ್ನೊಂದು ಸ್ವಲ್ಪ ಹೊತ್ತು" ಎಂದಷ್ಟೇ ಅಂದೆ, ಹಗ್ಗವನ್ನು ಇನ್ನೊಂದು ಸುತ್ತು ಕೈಗೆ ಸುತ್ತಿಕೊಂಡೆ.