ಉಸಿರಕ್ಕ ಒಂದೇ ಸಲ ಆಡಿದ ಮಾತು

ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎನ್ನುತ್ತಿದ್ದರು. ಹೆಸರಿಟ್ಟವನು ನಾನೇ. ಸಿ.ಟಿ. ಯಂತ್ರದ ಗಾಜಿನಾಚೆ ಕೂತು ದಿನವಿಡೀ ಮೈಕಿನಲ್ಲಿ "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎನ್ನುವುದೇ ಅವಳ ಕೆಲಸ. ನಾನು ಹೊರಗೆ ಕೌಂಟರಿನಲ್ಲಿ ವರದಿಯ ಲಕೋಟೆ ಕೊಡುವವನು. ಇಪ್ಪತ್ತು ವರ್ಷ ಒಂದೇ ಫ್ಲಾಸ್ಕಿನ ಚಹಾ ಕುಡಿದೆವು, ಬೇಕಾದಷ್ಟು ಜಗಳವನ್ನೂ ಆಡಿದೆವು.

ಯಂತ್ರದಿಂದ ಇಳಿದವರೆಲ್ಲ ಕೇಳುವುದು ಒಂದೇ: "ಹೇಗಿದೆಯಮ್ಮಾ?" ಅವಳ ಉತ್ತರವೂ ಒಂದೇ: "ಡಾಕ್ಟರ್ ಹೇಳ್ತಾರೆ." ಚಿತ್ರ ತೆಗೆಯುವವರು ಬಾಯಿ ಬಿಡಬಾರದೆಂಬುದು ನಿಯಮ. ಅತ್ತರೂ ಗೋಗರೆದರೂ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಕಲ್ಲು ಕಣಮ್ಮಾ ನೀನು" ಎಂದು ಎಷ್ಟೋ ಸಲ ರೇಗಿದ್ದೇನೆ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವಳ ಅಣ್ಣ ದರ್ಜಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಮಷೀನು ತುಳಿದೇ ತಂಗಿಯನ್ನು ಓದಿಸಿದವನು. ಅವಳ ಬಿಳಿ ಕೋಟುಗಳೆಲ್ಲ ಅವನದೇ ಹೊಲಿಗೆ; ಪೆನ್ನಿಗೊಂದು, ಕನ್ನಡಕಕ್ಕೊಂದು ಜೇಬು. ಮೆಟ್ಟಿಲು ಹತ್ತಿದರೆ ಎದೆ ಹಿಡಿದಂತಾಗುತ್ತದೆ ಎಂದು ಅವನು ಬಾಯಿತಪ್ಪಿ ಅಂದದ್ದೇ ತಡ, ಹೃದಯದ ಡಾಕ್ಟರ ಬಳಿಗೆ ಎಳೆದೊಯ್ದಳು. ಅವರು ಹೃದಯದ ರಕ್ತನಾಳಗಳ ಸ್ಕ್ಯಾನ್ ಬರೆದುಕೊಟ್ಟರು.

ಆ ಬೆಳಿಗ್ಗೆ ಅವನ ನಾಡಿ ತೊಂಬತ್ತು ದಾಟಿತ್ತು. ಓಡುವ ಹೃದಯದ ಚಿತ್ರ ಕಲಸಿಹೋಗುತ್ತದೆ, ಅರವತ್ತರ ಹತ್ತಿರಕ್ಕೆ ಇಳಿಯಬೇಕು. ಮಾತ್ರೆ ನುಂಗಿಸಿ ನನ್ನೆದುರಿನ ಬೆಂಚಿನಲ್ಲಿ ಕೂರಿಸಿದಳು.

"ಆ ಮಷೀನಿಗಿಂತ ನಿನ್ನ ಕಂಡ್ರೇ ಭಯ ಆಗುತ್ತೆ ಕಣೇ," ಎಂದ ಅಣ್ಣ.

"ಸುಮ್ನೆ ಕೂತ್ಕೋ ಅಣ್ಣ. ಮಾತಾಡಿದ್ರೆ ನಾಡಿ ಏರುತ್ತೆ."

ಸ್ಕ್ಯಾನ್ ಮುಗಿದು ಬಾಗಿಲು ತೆರೆದಾಗ ಅವನು ಅಂಗಿಯ ಗುಂಡಿ ಹಾಕಲಾರದೆ ಒದ್ದಾಡುತ್ತಿದ್ದ. ಗುಂಡಿಯೊಂದಿಗೇ ಬದುಕಿದ ಕೈಗೆ ಅಂದು ಒಂದು ಗುಂಡಿಯೂ ದಕ್ಕಲಿಲ್ಲ. ಗುಂಡಿಗಳನ್ನು ಅವಳೇ ಹಾಕಿ, ಕಂಪ್ಯೂಟರ್ ಪರದೆಯತ್ತ ಒಮ್ಮೆ ತಿರುಗಿ ನೋಡಿ, "ಏನಿಲ್ಲ ಅಣ್ಣ. ನಾಳ ಎಲ್ಲೂ ಕಟ್ಟಿಲ್ಲ. ಆರಾಮಾಗಿ ಹೋಗು," ಎಂದಳು. ಇಪ್ಪತ್ತು ವರ್ಷದಲ್ಲಿ ಅದೊಂದೇ ಸಲ. ಕೇಳಿಸಿಕೊಂಡ ನನಗೂ ಖುಷಿಯಾಯಿತು.

ಅದೇ ಸಂಜೆ ಅವಳು ತರಬೇತಿಗೆಂದು ಬೇರೆ ಊರಿಗೆ ಹೋದಳು. ಮರುದಿನ ವರದಿ ಬರೆದ ಡಾಕ್ಟರು ಅಣ್ಣನ ಲಕೋಟೆ ಹಿಡಿದು ತಾವೇ ಕೌಂಟರಿಗೆ ಬಂದರು.

"ಇವ್ರನ್ನ ಇವತ್ತೇ ಹೃದಯದ ಡಾಕ್ಟರ ಹತ್ರ ಕಳಿಸಿ."

ನಾಳ ಕಿರಿದಾಗಿದ್ದುದು ಕಾಲುಭಾಗವಷ್ಟೇ. ಆದರೆ ಅದರ ಗೋಡೆಯೊಳಗೆ ಮೆತ್ತನೆಯ ಕೊಬ್ಬು ಸೇರಿಕೊಂಡಿತ್ತು, ಯಾವಾಗ ಬೇಕಾದರೂ ಒಡೆಯುವಂಥದ್ದು. ಒಡೆದರೆ ಅಲ್ಲೇ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದಂತೆ. ಉಸಿರಕ್ಕ ದಾರಿಯನ್ನಷ್ಟೇ ನೋಡಿದ್ದಳು, ಗೋಡೆಯನ್ನಲ್ಲ. ಗೋಡೆ ಓದುವುದು ಡಾಕ್ಟರ ವಿದ್ಯೆ.

ಇವತ್ತೇ ಬನ್ನಿ ಎನ್ನಲು ಅಣ್ಣನಿಗೆ ಫೋನ್ ಮಾಡಿದೆ. ಆಚೆಯಿಂದ ಹೊಲಿಗೆ ಮಷೀನಿನ ಸದ್ದು.

"ಅಯ್ಯೋ ಬಿಡಿ, ನಮ್ಮ ತಂಗೀನೇ ನೋಡಿ ಹೇಳಿದಾಳಲ್ಲ. ಅವಳಿಗಿಂತ ನಿಮ್ಮ ಕಾಗದ ದೊಡ್ಡದಾ? ಕೈಲಿರೋ ಕೋಟು ಮುಗಿಸಿ ಸೋಮವಾರ ಬರ್ತೀನಿ."

ಹೋಗಿ ಅವನ ಕೈಹಿಡಿದು ಎಳೆದು ತರಬೇಕಿತ್ತು. ಕಂಡಕಂಡವರ ಮೇಲೆಲ್ಲ ಕೂಗಾಡುವ ನಾನು ಅಂದು ಮಾತ್ರ "ಮರೀಬೇಡಿ" ಎಂದು ಫೋನ್ ಇಟ್ಟೆ. ಪರವೂರಿನಲ್ಲಿರುವವಳನ್ನು ಗಾಬರಿಪಡಿಸುವುದೇಕೆಂದು ಅವಳಿಗೂ ತಿಳಿಸಲಿಲ್ಲ.

ಶನಿವಾರ ಮಧ್ಯಾಹ್ನ ಅವನು ಮಷೀನಿನ ಮೇಲೇ ಒರಗಿದ; ಮತ್ತೆ ಏಳಲಿಲ್ಲ. ಸೂಜಿಯ ಕೆಳಗೆ ಕೋಟಿನ ಅರ್ಧ ಹೊಲಿದ ತೋಳು ಉಳಿದಿತ್ತು.

ಹದಿನೈದು ದಿನದ ಮೇಲೆ ಉಸಿರಕ್ಕ ಕೆಲಸಕ್ಕೆ ಬಂದಳು. ಲಕೋಟೆ ಕೇಳಿ ಪಡೆದು, ನಿಂತಲ್ಲೇ ಓದಿದಳು.

"ಫೋನ್ ಮಾಡಿದ್ರಾ?"

"ಮಾಡ್ದೆ. ಎತ್ತಲಿಲ್ಲ," ಎಂದು ಸುಳ್ಳು ಹೇಳಿದೆ.

"ಫೋನ್ ಎತ್ತದೇ ಇರೋನಲ್ಲ ನಮ್ಮಣ್ಣ." ಕಾಗದ ಮಡಿಸಿದಳು. "ತಂಗಿ ಹೇಳಿದಾಳೆ ಅಂದಿರ್ತಾನೆ. ಅಲ್ವಾ?"

ನಾನು ತಲೆ ತಗ್ಗಿಸಿದೆ. ಅವಳಿಗೆ ಅಷ್ಟೇ ಸಾಕಾಯಿತು. ಅಣ್ಣ ಹೊಲಿದ ಕೋಟು ತೊಟ್ಟು ಒಳಗೆ ಹೋದಳು.

ಅಂದಿನ ಮೊದಲ ಸ್ಕ್ಯಾನ್ ಒಬ್ಬ ಮುದುಕನದು. ಮುಗಿದ ಮೇಲೆ ಬಾಗಿಲು ತೆರೆಯಿತು.

"ಹೇಗಿದೆಯಮ್ಮಾ?" ಎಂದು ಅವನು ಕೇಳಿದ್ದು ಕೇಳಿಸಿತು. ಉತ್ತರ ಬರಲಿಲ್ಲ. ಅವನು ಮತ್ತೆ ಕೇಳಿದ. ಆಗಲೂ ಬರಲಿಲ್ಲ.

ನಾನೇ ಎದ್ದು ಹೋಗಿ, "ಡಾಕ್ಟರ್ ಹೇಳ್ತಾರೆ," ಎಂದೆ.